ಸಂತಾನಹೀನತೆ: ಗಂಡಸಿನ ದುಡಿಮೆಯನ್ನೂ ವಿಚಾರಿಸೋಣ

ಮದುವೆಯಾಗಿ ನಾಲ್ಕಾರು ವರ್ಷಗಳಾದರೂ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ನಮ್ಮ ಸಮಾಜವು ಮೊದಲು ಬೆರಳು ತೋರುವುದು ಹೆಣ್ಣಿನ ಕಡೆಗೆ. ಹರಕೆ, ಔಷಧಿ, ಪರೀಕ್ಷೆ, ಚುಚ್ಚುಮಾತು ಎಲ್ಲವೂ ಅವಳ ಪಾಲಿಗೆ. ಗಂಡನು ಎಲ್ಲಿ ದುಡಿಯುತ್ತಾನೆ, ಅಲ್ಲಿ ಎಂತಹ ಗಾಳಿಯನ್ನು ಉಸಿರಾಡುತ್ತಾನೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಕೇಳಲೇಬೇಕೆಂಬುದು ನನ್ನ ಅಭಿಪ್ರಾಯ.

ಪುರುಷನ ಶರೀರದಲ್ಲಿ ವೀರ್ಯಾಣುಗಳು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಸೀಸ, ಕೆಲವು ಕೀಟನಾಶಕಗಳು ಹಾಗೂ ದ್ರಾವಕಗಳು ರಕ್ತವನ್ನು ಸೇರಿದರೆ ಅವುಗಳ ಸಂಖ್ಯೆಯನ್ನೂ ಚಲನಶಕ್ತಿಯನ್ನೂ ಕುಂದಿಸಬಲ್ಲವು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲ್ಯಾಥ್ರಾಪ್ ಎಂಬಲ್ಲಿ ಕೀಟನಾಶಕ ಕಾರ್ಖಾನೆಯ ಕಾರ್ಮಿಕರು, ತಮ್ಮಲ್ಲಿ ಹಲವರಿಗೆ ಮಕ್ಕಳಾಗುತ್ತಿಲ್ಲವೆಂಬುದನ್ನು ತಾವೇ ಗಮನಿಸಿದರು. ಪರೀಕ್ಷೆಯಿಂದ ಡಿಬಿಸಿಪಿ ಎಂಬ ರಾಸಾಯನಿಕದ ದೋಷ ಬಯಲಾಯಿತು. ಅದು ಪ್ರಾಣಿಗಳ ವೃಷಣಗಳನ್ನು ಕುಗ್ಗಿಸುವುದೆಂಬ ಸಂಗತಿ 1961ರಲ್ಲಿಯೇ ಪ್ರಕಟವಾಗಿತ್ತೆಂಬುದು ಶೋಚನೀಯ.

ಇದು ದೂರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ಕನ್ನಡದ ನೆಲವಾದ ಕಾಸರಗೋಡಿನಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಗಳ ಕಾಲ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿನ 117 ಬಾಲಕರನ್ನು ಬೇರೆ ಊರಿನ 90 ಬಾಲಕರೊಡನೆ ಹೋಲಿಸಿ, ಮೊದಲಿನವರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿರುವ ಸೂಚನೆಗಳನ್ನು 2003ರಲ್ಲಿ ಪ್ರಕಟಿಸಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶಾದ್ಯಂತ ತಡೆಯಿತು.

ಇನ್ನು ನಾವು ಬಾಳುವ ಗಿಂಡಿ. 1958ರಲ್ಲಿ ಇಲ್ಲಿ ಕೈಗಾರಿಕಾ ವಸಾಹತು ಆರಂಭವಾಯಿತು. ಬ್ಯಾಂಕಿನವನಾದ ನನಗೆ ಸಣ್ಣ ಉದ್ಯಮಗಳ ಲೆಕ್ಕಪತ್ರಗಳು ಪರಿಚಿತ. ಅವುಗಳಲ್ಲಿ ಯಂತ್ರಗಳ ಸವಕಳಿಗೆ ಅಂಕಣವುಂಟು; ದುಡಿಯುವವನ ದೇಹದ ಸವಕಳಿಗೆ ಇಲ್ಲ. ಸೀಸದ ವಿಷಬಾಧೆಯನ್ನು 1948ರ ಕಾರ್ಖಾನೆಗಳ ಕಾಯಿದೆಯೇ ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಸಂತಾನಶಕ್ತಿ ಕುಂದಿದವನು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಮಾಲೀಕನಿಗೆ ಅದು ತಿಳಿಯುವುದೂ ಇಲ್ಲ.

ಮಕ್ಕಳಿಲ್ಲದಿರುವುದಕ್ಕೆಲ್ಲ ರಾಸಾಯನಿಕಗಳೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ದಂಪತಿಗಳಿಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಲಿ. ಬ್ಯಾಟರಿ, ಬಣ್ಣ, ಲೋಹದ ಲೇಪನ ಮೊದಲಾದ ಕೆಲಸಗಳಲ್ಲಿರುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಲಿ. ಊಟಕ್ಕೆ ಮೊದಲು ಕೈ ತೊಳೆಯುವುದು, ಕೆಲಸದ ಬಟ್ಟೆಯನ್ನು ಕಾರ್ಖಾನೆಯಲ್ಲಿಯೇ ಬಿಟ್ಟುಬರುವುದು ಚಿಕ್ಕ ಕ್ರಮಗಳಾದರೂ ಉಪಯುಕ್ತ. ವಿಷದ ಸಂಪರ್ಕ ತಪ್ಪಿದರೆ ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ ಶಕ್ತಿ ಮರಳುವುದುಂಟು. ನಮ್ಮ ಸಂಘದ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡದ ಜೊತೆಗೆ ಉದ್ಯೋಗವನ್ನೂ ವಿಚಾರಿಸುವ ಪದ್ಧತಿ ಈ ವರ್ಷದಿಂದಲೇ ಆರಂಭವಾಗಲಿ.