ಕಲಿಸುವುದೂ ವೈದ್ಯಧರ್ಮವೇ

ನಮ್ಮ ಧರ್ಮಕೇಂದ್ರದ ಯಾವುದೋ ಮನೆಯ ಮಗನಿಗೋ ಮಗಳಿಗೋ ವೈದ್ಯಕೀಯ ಸೀಟು ದೊರೆತರೆ ಅದು ಊರಿಗೇ ಸಂತೋಷ. ಕೃತಜ್ಞತಾ ಬಲಿಪೂಜೆ ಅರ್ಪಿಸುತ್ತೇವೆ, ಹಾರ ಹಾಕಿ ಸನ್ಮಾನಿಸುತ್ತೇವೆ. ಆದರೆ ಆ ಮಕ್ಕಳು ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟ ಮೇಲೆ ಅವರಿಗೆ ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎಂದು ನಾವಾರೂ ಕೇಳುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಇದು.

ವೈದ್ಯವಿದ್ಯೆ ಪುಸ್ತಕದಿಂದ ಮಾತ್ರ ಬರುವಂಥದ್ದಲ್ಲ. ನಾಲ್ಕೂವರೆ ವರ್ಷಗಳ ವ್ಯಾಸಂಗದ ನಂತರ ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿಯಬೇಕೆಂಬ ನಿಯಮವಿರುವುದು ಇದೇ ಕಾರಣಕ್ಕೆ. ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಒಳಗಿನ ತೊಂದರೆಯನ್ನು ಗುರುತಿಸುವುದು, ಸಾವಿನ ಸುದ್ದಿಯನ್ನು ಮನೆಯವರಿಗೆ ತಿಳಿಸುವುದು, ತನಗೆ ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಳ್ಳುವುದು, ಇವೆಲ್ಲವನ್ನೂ ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಅವರು 1890ರ ದಶಕದಲ್ಲಿ ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಬಳಿಗೇ ಕರೆದೊಯ್ದು ಕಲಿಸಿದರು. ವೈದ್ಯಲೋಕದಲ್ಲಿ ಅಷ್ಟೊಂದು ಕೀರ್ತಿ ಗಳಿಸಿದ ಅವರು, ವಾರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸಿದವನೆಂಬ ಮಾತೊಂದು ತಮ್ಮ ಸಮಾಧಿಯ ಮೇಲಿದ್ದರೆ ಸಾಕೆಂದು ಬಯಸಿದ್ದರು.

ಇಂದಿಗೂ ಅಂಥ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರಿಗೆ ಗೌರವದ ನಮನ. ಈ ಮಾತುಗಳು ಅವರನ್ನು ಕುರಿತದ್ದಲ್ಲ. ಆದರೆ ಬೇರೆ ಬಗೆಯ ಹಿರಿಯರೂ ಇದ್ದಾರೆ. ಬೆಳಗಿನ ರೌಂಡ್ಸ್ ಅವಸರದಲ್ಲಿ ಮುಗಿಸಿ ಸ್ವಂತ ಕ್ಲಿನಿಕ್ಕಿಗೆ ಧಾವಿಸುವವರು, ಇಡೀ ರಾತ್ರಿಯ ವಾರ್ಡನ್ನು ಇನ್ನೂ ಕಲಿಯುತ್ತಿರುವವರ ತಲೆಗೆ ಕಟ್ಟುವವರು, ನಡುರಾತ್ರಿ ಸಲಹೆ ಕೇಳಿ ಫೋನ್ ಮಾಡಿದ ಕಿರಿಯರನ್ನು ಗದರಿಸುವವರು, ಸಣ್ಣ ತಪ್ಪಿಗೂ ರೋಗಿಯ ಮುಂದೆಯೇ ಹೀಯಾಳಿಸುವವರು. ಹೀಗೆ ಗದರಿಸಿಕೊಂಡ ಕಿರಿಯ ವೈದ್ಯೆ ಮರುದಿನ ರಾತ್ರಿ ಫೋನ್ ಮಾಡುವುದಿಲ್ಲ. ತೋಚಿದಂತೆ ಚಿಕಿತ್ಸೆ ನೀಡುತ್ತಾಳೆ. ಅವಳ ಮುಂದೆ ಮಲಗಿರುವ ರೋಗಿ ಯಾರು? ಸ್ಪೆಷಲ್ ವಾರ್ಡಿನ ಶ್ರೀಮಂತನಲ್ಲ. ಅವನಿಗೆ ಹೇಗಾದರೂ ದೊಡ್ಡ ಡಾಕ್ಟರು ಸಿಗುತ್ತಾರೆ. ಜನರಲ್ ವಾರ್ಡಿನ ಕೂಲಿಕಾರ, ಹೆರಿಗೆಗೆ ಬಂದ ಬಡ ತಾಯಿ ಅಲ್ಲಿರುವವರು. ಹಿರಿಯರು ಕಲಿಸದಿದ್ದರೆ ಅದರ ಬೆಲೆಯನ್ನು ತೆರುವವರು ಬಡವರು. ಆದ್ದರಿಂದಲೇ ಇದು ವೈದ್ಯರ ಮನೆವಾರ್ತೆಯಲ್ಲ, ನ್ಯಾಯದ ಪ್ರಶ್ನೆ.

“ನಾವೂ ಹೀಗೆಯೇ ಕಲಿತವರು, ಕಷ್ಟಪಡದೆ ವೈದ್ಯನಾಗಲಾರ” ಎಂಬುದು ಹಿರಿಯರ ಮೊದಲ ಸಮರ್ಥನೆ. ಕಷ್ಟ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಶ್ರಮ ಬೇರೆ, ಶೋಷಣೆ ಬೇರೆ. ಅತ್ತೆಯಿಂದ ನೊಂದ ಸೊಸೆ ತಾನು ಅತ್ತೆಯಾದಾಗ ತನ್ನ ಸೊಸೆಯನ್ನು ನೋಯಿಸಿದರೆ ಅದನ್ನು ನಾವು ಸಂಪ್ರದಾಯವೆಂದು ಹೊಗಳುವೆವೇ?

“ರೋಗಿಗಳು ಹೆಚ್ಚು, ವೈದ್ಯರು ಕಡಿಮೆ” ಎಂಬುದು ಎರಡನೆಯ ಸಮರ್ಥನೆ. ಇದರಲ್ಲಿ ಸತ್ಯಾಂಶವಿದೆ. ಆದರೆ ನಿದ್ದೆಗೆಟ್ಟವರ ಕೈಗೆ ರೋಗಿಯನ್ನು ಒಪ್ಪಿಸುವುದು ಅದಕ್ಕೆ ಪರಿಹಾರವಲ್ಲ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ, ದೀರ್ಘ ಕರ್ತವ್ಯದಲ್ಲಿದ್ದ ತರಬೇತಿ ವೈದ್ಯರ ಆರೈಕೆಯಲ್ಲಿದ್ದ 18 ವರ್ಷದ ಯುವತಿಯೊಬ್ಬಳು ದಾಖಲಾದ ಕೆಲವೇ ಗಂಟೆಗಳಲ್ಲಿ ಮೃತಪಟ್ಟಳು. ಆಕೆಯ ತಂದೆ ಸುಮ್ಮನಿರಲಿಲ್ಲ. ಆ ಹೋರಾಟದ ಫಲವಾಗಿ 1989ರಲ್ಲಿ ನ್ಯೂಯಾರ್ಕ್ ರಾಜ್ಯವು ಕಿರಿಯ ವೈದ್ಯರ ದುಡಿಮೆಯನ್ನು ವಾರಕ್ಕೆ 80 ಗಂಟೆಗಳಿಗೆ ಮಿತಿಗೊಳಿಸಿತು. ಜೊತೆಗೆ ಹಿರಿಯರ ಮೇಲ್ವಿಚಾರಣೆಯನ್ನೂ ಕಡ್ಡಾಯಗೊಳಿಸಿತು. ಈ ಎರಡನೆಯ ಅಂಶ ಮುಖ್ಯ. ಕಿರಿಯರಿಗೆ ವಿಶ್ರಾಂತಿ ಕೊಟ್ಟರಷ್ಟೇ ಸಾಲದು, ಪಕ್ಕದಲ್ಲಿ ಹಿರಿಯರಿರಬೇಕು.

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ರೆಸಿಡೆಂಟ್ ವೈದ್ಯರನ್ನು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಲಕ್ಕೆ 12 ಗಂಟೆ ಮೀರಿ ದುಡಿಸಬಾರದೆಂದು ಕೇಂದ್ರ ಸರ್ಕಾರ 1992ರಲ್ಲಿಯೇ ಸೂಚಿಸಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳು ಗಂಟೆಗಳ ಲೆಕ್ಕವನ್ನು ಬಿಟ್ಟು, ದುಡಿಮೆ ‘ಸಮಂಜಸ’ವಾಗಿರಬೇಕು ಎಂದಷ್ಟೇ ಹೇಳುತ್ತವೆ. ಸಮಂಜಸವೆಂದರೆ ಎಷ್ಟು? ವಾರ್ಡಿನಲ್ಲಿ ಅದನ್ನು ತೀರ್ಮಾನಿಸುವವರು ಅದೇ ಹಿರಿಯರು! 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಕರ್ತವ್ಯದಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿ ವಿಶ್ರಾಂತಿಗೆಂದು ಸೆಮಿನಾರ್ ಕೊಠಡಿಗೆ ಹೋಗಿದ್ದಾಗ ಕೊಲೆಯಾದಾಗ ದೇಶವೇ ಮರುಗಿತು. ಮೈಚಾಚಲು ಸುರಕ್ಷಿತ ಕೋಣೆಯೊಂದನ್ನು ಒದಗಿಸಬೇಕೆಂಬುದೂ ನಮಗೆ ಆಗಲೇ ಹೊಳೆಯಬೇಕಾಯಿತೇ?

ನಮಗಂತೂ ಈ ವಿಷಯದಲ್ಲಿ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಂತ ಮಾರ್ಕನ ಶುಭಸಂದೇಶವನ್ನು ತೆರೆಯಿರಿ. ಪ್ರಭು ಯೇಸು ಶಿಷ್ಯರನ್ನು ಮೊದಲು ತಮ್ಮೊಡನೆ ಇರಿಸಿಕೊಂಡರು; ತಾವು ರೋಗಿಗಳನ್ನು ಮುಟ್ಟಿ ಗುಣಪಡಿಸುವುದನ್ನು ಅವರು ಕಾಣುವಂತೆ ಮಾಡಿದರು. ಅನಂತರವೇ ಕಳುಹಿಸಿದರು, ಅದೂ ಒಬ್ಬೊಬ್ಬರನ್ನಲ್ಲ, ಇಬ್ಬಿಬ್ಬರನ್ನಾಗಿ. ಅವರು ಹಿಂದಿರುಗಿ ವರದಿ ಒಪ್ಪಿಸಿದಾಗ ಕಿವಿಗೊಟ್ಟು ಕೇಳಿ, ಊಟಕ್ಕೂ ಬಿಡುವಿಲ್ಲದ ಅವರನ್ನು ಏಕಾಂತಕ್ಕೆ ಕರೆದು ವಿಶ್ರಮಿಸಲು ಹೇಳಿದರು (6ನೆಯ ಅಧ್ಯಾಯ). ದೆವ್ವ ಹಿಡಿದ ಬಾಲಕನನ್ನು ಗುಣಪಡಿಸಲಾಗದೆ ಶಿಷ್ಯರು ಸೋತಾಗ, ಅವರು ಕಾರಣ ಕೇಳಿದ್ದು ಮನೆಯೊಳಗೆ, ಪ್ರತ್ಯೇಕವಾಗಿ. ಪ್ರಭು ತಿಳಿಹೇಳಿದ್ದೂ ಅಲ್ಲಿಯೇ (9ನೆಯ ಅಧ್ಯಾಯ). ನಮ್ಮ ನಾಡಿನ ಪ್ರಾಚೀನ ಚರಕ ಸಂಹಿತೆಯೂ ವೈದ್ಯಗುರುವಿನ ಲಕ್ಷಣಗಳನ್ನು ಪಟ್ಟಿಮಾಡುವಾಗ, ಅವನಲ್ಲಿ ಅಸೂಯೆಯೂ ಕೋಪವೂ ಇರಬಾರದು, ಶಿಷ್ಯರ ಮೇಲೆ ವಾತ್ಸಲ್ಯವಿರಬೇಕು ಎನ್ನುತ್ತದೆ.

ಮಂಗಳೂರಿನಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ ಸೇವೆ ಇಂದು ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜನ್ನು ಭಾರತದ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಸ್ಥಾಪಿಸಿತು. ಇಂಥ ಪರಂಪರೆಯುಳ್ಳ ಧರ್ಮಸಭೆ ಇತರರಿಗೆ ಬುದ್ಧಿ ಹೇಳುವ ಮೊದಲು ತಾನೇ ನಡೆದು ತೋರಿಸಬೇಕು. ದೊಡ್ಡದಿರಲಿ ಚಿಕ್ಕದಿರಲಿ, ನಮ್ಮ ಪ್ರತಿಯೊಂದು ಆಸ್ಪತ್ರೆಯಲ್ಲಿ ರಾತ್ರಿ ಕರೆದರೆ ಬರುವ ಹಿರಿಯರ ಹೆಸರು ಗೋಡೆಯ ಮೇಲೆ ಬರೆದಿರಲಿ. ಬಡ್ತಿ ನೀಡುವಾಗ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದರೆಂಬುದರ ಜೊತೆಗೆ ಎಷ್ಟು ಮಂದಿಗೆ ಕಲಿಸಿದರೆಂಬುದನ್ನೂ ಕೇಳಲಿ. ಕಿರಿಯರು ಭಯವಿಲ್ಲದೆ ದೂರು ಹೇಳಿಕೊಳ್ಳಲು ಒಬ್ಬರನ್ನು ನೇಮಿಸಲಿ. ಶಿಷ್ಯರ ಪಾದ ತೊಳೆದ ಪ್ರಭುವಿನ ಶಿಲುಬೆಯನ್ನು ಗೋಡೆಗೆ ತೂಗುಹಾಕಿ, ಅದರ ಕೆಳಗೇ ಕಿರಿಯರನ್ನು ತುಳಿಯುವುದು ಸಲ್ಲದು.

ಕುಟುಂಬಗಳಿಗೂ ಒಂದು ಮಾತು. ಆಸ್ಪತ್ರೆಗೆ ಹೋದಾಗ “ಈ ಹುಡುಗಿ ಮುಟ್ಟುವುದು ಬೇಡ, ದೊಡ್ಡ ಡಾಕ್ಟರೇ ಬರಲಿ” ಎಂದು ಹಟ ಹಿಡಿಯಬೇಡಿ. “ಅವರು ನೋಡುವಾಗ ದೊಡ್ಡ ಡಾಕ್ಟರೂ ಜೊತೆಗಿರಲಿ” ಎಂದು ಕೇಳಿ. ಅದು ನಿಮ್ಮ ಹಕ್ಕು, ಆ ಹುಡುಗಿಗೂ ಉಪಕಾರ. ಓದುತ್ತಿರುವ ಮಗಳು ಮನೆಗೆ ಬಂದು ಅತ್ತರೆ “ಸಹಿಸಿಕೋ, ಎಲ್ಲರೂ ಹೀಗೆಯೇ” ಎನ್ನಬೇಡಿ. ಇನ್ನು ನಿಮ್ಮ ಮನೆಯಲ್ಲಿಯೇ ಹಿರಿಯ ವೈದ್ಯರಿದ್ದರೆ, ಅಕ್ಟೋಬರ್ 18ರಂದು ಬರುವ ವೈದ್ಯ ಸಂತ ಲೂಕನ ಹಬ್ಬದಂದು ಒಂದು ಪ್ರಶ್ನೆಯನ್ನು ಅವರ ಮುಂದಿಡಿ: ಈ ವರ್ಷ ನೀವು ಯಾರಿಗೆ, ಏನನ್ನು ಕಲಿಸಿದಿರಿ?