ಕಾಫಿ ಸಿಗುತ್ತದೆ, ಕೂರಲು ಜಾಗವೆಲ್ಲಿ?

ಕುಳಿತು ಓದಲು ಅಥವಾ ಕೆಲಸ ಮಾಡಲು ಅನುಕೂಲವಾದ ಕಾಫಿ ಅಂಗಡಿ ಯಾವುದು ಎಂದು ಬೆಂಗಳೂರಿನಲ್ಲಿ ಕೇಳಿದರೆ ಹತ್ತಾರು ಉತ್ತರಗಳು ಸಿಗುತ್ತವೆ. ಜಯನಗರದವರು ಒಂದು ಹೆಸರು ಹೇಳಿದರೆ ಇಂದಿರಾನಗರದವರು ಇನ್ನೊಂದನ್ನು ಹೇಳುತ್ತಾರೆ. ಅದೇ ಪ್ರಶ್ನೆಯನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲೋ ಸೊರಬದಲ್ಲೋ ಕೇಳಿದರೆ ಜನ ತುಸು ಅಚ್ಚರಿಯಿಂದ ನೋಡುತ್ತಾರೆ. ಕಾಫಿ ಕುಡಿಯುವುದಾದರೆ ಹೋಟೆಲ್ ಇದೆ, ಓದುವುದಾದರೆ ಮನೆಯಿದೆ. ಎರಡನ್ನೂ ಒಂದೇ ಕಡೆ ಏಕೆ ಮಾಡಬೇಕು ಎಂಬುದು ಅವರ ಸಹಜವಾದ ಮರುಪ್ರಶ್ನೆ. ಆ ಮರುಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದಕ್ಕೆ ಸರಿಯಾದ ಉತ್ತರ ಹುಡುಕಹೊರಟರೆ ನಮ್ಮ ಸಣ್ಣ ಪಟ್ಟಣಗಳ ಬಗ್ಗೆ ಒಂದು ಮುಖ್ಯವಾದ ಸಂಗತಿ ತಿಳಿಯುತ್ತದೆ.

ಸೊರಬದ ಕಡೆ ನನಗೆ ನೆಂಟರಿದ್ದಾರೆ. ವರ್ಷಕ್ಕೆ ಕೆಲವು ವಾರಗಳನ್ನು ಅಲ್ಲಿಯೇ ಕಳೆಯುತ್ತೇನೆ. ಹೋಗುವಾಗ ಬರುವಾಗ ಶಿಕಾರಿಪುರದಲ್ಲಿ ಇಳಿಯುವುದುಂಟು. ನೆಂಟರ ಮನೆಯ ಹುಡುಗಿಯೊಬ್ಬಳು ಪದವಿ ಮುಗಿಸಿ ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದಾಳೆ. ಮನೆಯಲ್ಲೇ ಓದಬಾರದೇ ಎಂದು ಕೇಳಿದೆ. 'ಮನೆಯಲ್ಲಿ ಪುಸ್ತಕ ಹಿಡಿದವಳು ಖಾಲಿ ಕೂತವಳ ಹಾಗೆ ಕಾಣುತ್ತಾಳೆ ದೊಡ್ಡಪ್ಪ, ಕರೆದು ಏನಾದರೂ ಕೆಲಸ ಹೇಳುತ್ತಾರೆ' ಎಂದಳು. ಅಡಕೆ ಸುಲಿಯುವ ಕಾಲದಲ್ಲಿ, ಮನೆಗೆ ನೆಂಟರು ಬಂದಾಗ, ಸಂಜೆ ಟಿ.ವಿ. ಧಾರಾವಾಹಿ ಶುರುವಾದಾಗ ಮಲೆನಾಡಿನ ಮನೆಯಲ್ಲಿ ಏಕಾಂತವೆಂಬುದು ದುರ್ಲಭ. ಗಂಡುಮಕ್ಕಳು ಚೀಲ ಹೆಗಲಿಗೇರಿಸಿ ಹೊರಗೆ ಹೋಗಬಹುದು. ಅವರಿಗಾದರೂ ಹೋಗಲು ಜಾಗವೆಲ್ಲಿದೆ ಎಂಬುದು ಮುಂದಿನ ಪ್ರಶ್ನೆ.

ಹೋಟೆಲುಗಳೇನೋ ಇವೆ. ಬೆಳಿಗ್ಗೆ ಇಡ್ಲಿ, ವಡೆ, ಅವಲಕ್ಕಿಯೊಂದಿಗೆ ಒಳ್ಳೆಯ ಕಾಫಿಯೂ ಸಿಗುತ್ತದೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು ಕುಡಿಯುವ 'ಬೈಟು' ಪದ್ಧತಿಯನ್ನು ಮರ್ಯಾದೆಯಾಗಿಸಿದ ನಾಡು ನಮ್ಮದು. ಆದರೆ ಕಪ್ಪು ಬರಿದಾದ ಮೇಲೆ ಎಷ್ಟು ಹೊತ್ತು ಕೂರಬಹುದು ಎಂಬುದಕ್ಕೆ ಅಲಿಖಿತ ನಿಯಮವೊಂದಿದೆ. ಮೇಜು ಒರೆಸುವವನು ಎರಡನೇ ಸಲ ಬಂದನೆಂದರೆ ಏಳಬೇಕು ಎಂದೇ ಅರ್ಥ. ಹಳೆಯ ಹೋಟೆಲುಗಳ ಗೋಡೆಗಳ ಮೇಲೆ 'ಸಾಲ ಕೇಳಬೇಡಿ', 'ರಾಜಕೀಯ ಮಾತನಾಡಬಾರದು' ಎಂಬ ಫಲಕಗಳು ಇರುತ್ತಿದ್ದವು. ಎರಡನೆಯ ಫಲಕ ರಾಜಕೀಯದ ಮೇಲಿನ ಸಿಟ್ಟಿನಿಂದ ಬಂದದ್ದಲ್ಲ. ಮಾತು ಬೆಳೆದರೆ ಮೇಜು ಖಾಲಿಯಾಗುವುದಿಲ್ಲ ಎಂಬ ವ್ಯಾಪಾರದ ಲೆಕ್ಕ ಅದರ ಹಿಂದೆಯೂ ಇತ್ತು.

ಹೋಟೆಲಿನವರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವರ ಬದುಕು ನಿಂತಿರುವುದೇ ಒಂದು ಮೇಜಿಗೆ ದಿನಕ್ಕೆ ಎಷ್ಟು ಮಂದಿ ಬಂದು ಹೋದರು ಎಂಬುದರ ಮೇಲೆ. ಹಾಲು, ಕಾಫಿಪುಡಿ, ಗ್ಯಾಸು, ಕೂಲಿ ಎಲ್ಲವೂ ತುಟ್ಟಿಯಾಗಿರುವಾಗ ಒಂದು ಕಾಫಿಯ ದುಡ್ಡಿಗೆ ಮೂರು ಗಂಟೆ ಕುರ್ಚಿ ಬಿಟ್ಟುಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು? ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಹುಟ್ಟಿದ ದರ್ಶಿನಿಗಳು ಕುರ್ಚಿಯನ್ನೇ ತೆಗೆದುಹಾಕಿ ತಿಂಡಿಯ ಬೆಲೆಯನ್ನು ಕೈಗೆಟಕುವಂತೆ ಮಾಡಿದವು. ನಿಂತು ತಿನ್ನುವವನು ಬೇಗ ಹೊರಡುತ್ತಾನೆ ಎಂಬುದೇ ಅದರ ಅರ್ಥಶಾಸ್ತ್ರ. ಬೇಕರಿಗಳ ಮುಂದೆ ನಿಂತು ಕಾಫಿ ಹೀರುವ ನಮ್ಮ ರೂಢಿಯೂ ಅದೇ ಜಾತಿಯದು.

ದೊಡ್ಡ ನಗರದ ಕಾಫಿ ಅಂಗಡಿ ಬೇರೆಯೇ ಲೆಕ್ಕದಲ್ಲಿ ನಡೆಯುತ್ತದೆ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಕುಟುಂಬದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಕಾಫಿಯ ಜತೆಗೆ ಇಂಟರ್‌ನೆಟ್ಟನ್ನೂ ಕೊಟ್ಟರು. ಗಿರಾಕಿ ಕೂರಲೆಂದೇ ಬರುತ್ತಾನೆ ಎಂಬುದನ್ನು ಒಪ್ಪಿಕೊಂಡ ವ್ಯಾಪಾರ ಅದು. ಇವತ್ತು ಇಂಥ ಕಡೆಗಳಲ್ಲಿ ಒಂದು ಕಪ್ಪಿಗೆ ತೆರುವ ಹಣದಲ್ಲಿ ಕಾಫಿಯ ಪಾಲು ಕಡಿಮೆ, ಕುರ್ಚಿಯ ಬಾಡಿಗೆಯೇ ಹೆಚ್ಚು. ಆ ಬಾಡಿಗೆಯನ್ನು ಕೊಡಬಲ್ಲವರು ನಗರದಲ್ಲಿ ಸಾಕಷ್ಟಿದ್ದಾರೆ. ಶಿಕಾರಿಪುರದ ಕಾಲೇಜಿನ ಹುಡುಗನಿಗೆ ಅದು ಒಂದು ದಿನದ ಖರ್ಚಿಗಿಂತ ಹೆಚ್ಚು. ಈಚೆಗೆ ತಾಲ್ಲೂಕು ಕೇಂದ್ರಗಳಲ್ಲೂ 'ಕೆಫೆ' ಎಂಬ ಫಲಕ ಹೊತ್ತ ಅಂಗಡಿಗಳು ಕಾಣಿಸಿಕೊಳ್ಳುತ್ತಿವೆ. ಹುಟ್ಟುಹಬ್ಬಕ್ಕೋ ಗೆಳೆಯರ ಕೂಟಕ್ಕೋ ಅವು ಒಪ್ಪುತ್ತವೆ. ಹಾಡಿನ ಅಬ್ಬರದ ನಡುವೆ ಪುಸ್ತಕ ತೆರೆಯುವುದು ಕಷ್ಟ. ಖಾಸಗಿಯವರು ಇನ್ನಷ್ಟು ಅಂಗಡಿ ತೆರೆದರೆ ಸಮಸ್ಯೆ ತಾನಾಗಿ ಬಗೆಹರಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಕಾಫಿ ಅಂಗಡಿಯನ್ನು ಹುಡುಕುವವರು ನಿಜಕ್ಕೂ ಹುಡುಕುತ್ತಿರುವುದು ಏನನ್ನು? ಬೆಳಕಿರುವ ಒಂದು ಮೇಜು, ಯಾರೂ ಎಬ್ಬಿಸದ ಎರಡು ಮೂರು ಗಂಟೆ, ತಮ್ಮಂತೆಯೇ ಕೆಲಸದಲ್ಲಿ ಮುಳುಗಿದ ನಾಲ್ಕು ಜನರ ಸಾನ್ನಿಧ್ಯ, ಬೇಸರವಾದಾಗ ಒಂದು ಲೋಟ ಬಿಸಿ ಪಾನೀಯ. ಹದಿನೇಳನೇ ಶತಮಾನದ ಲಂಡನ್ನಿನಲ್ಲಿ ಒಂದು ಪೆನ್ನಿ ಕೊಟ್ಟು ಕಾಫಿ ಮನೆಗೆ ಹೊಕ್ಕವನು ಪತ್ರಿಕೆ ಓದಬಹುದಿತ್ತು, ವಿದ್ವಾಂಸರ ಚರ್ಚೆ ಕೇಳಬಹುದಿತ್ತು. ಜನ ಅವನ್ನು ಪೆನ್ನಿ ವಿಶ್ವವಿದ್ಯಾಲಯಗಳೆಂದೇ ಕರೆದರು. ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಮನೆಯಲ್ಲಿ ಹಡಗು ವ್ಯಾಪಾರಿಗಳು ಸೇರುತ್ತಿದ್ದುದರಿಂದಲೇ ಲಾಯ್ಡ್ಸ್ ವಿಮಾ ಸಂಸ್ಥೆ ಬೆಳೆಯಿತು. ನಮ್ಮಲ್ಲೂ ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ಉಳಿಸಿದರು. ಅಂಥ ಮೊದಲ ಸಂಘ 1957ರಲ್ಲಿ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿ. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಸ್ಥಳಾಂತರವಾದಾಗ ಪತ್ರಿಕೆಗಳಲ್ಲಿ ಅಷ್ಟೊಂದು ವಿದಾಯದ ಬರಹಗಳು ಬಂದದ್ದು ಬರೀ ಕಾಫಿಯ ರುಚಿಗಾಗಿ ಅಲ್ಲ. ಕಡಿಮೆ ದುಡ್ಡಿಗೆ ಬಹಳ ಹೊತ್ತು ಕೂರಲು ಬಿಟ್ಟ ಜಾಗದ ಮೇಲಿನ ಋಣ ಅದು.

ಇದೆಲ್ಲ ನಗರದವರ ಶೋಕಿ ಎನ್ನುವವರು ಶಿಕಾರಿಪುರ ತಾಲ್ಲೂಕಿನ ನೆಲದ ಚರಿತ್ರೆಯನ್ನೊಮ್ಮೆ ನೋಡಬೇಕು. ತಾಳಗುಂದದ ಸ್ತಂಭ ಶಾಸನ ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಕಥೆ ಹೇಳುತ್ತದೆ. ಅವನು ತನ್ನ ಗುರುವಿನೊಂದಿಗೆ ವಿದ್ಯಾಭ್ಯಾಸಕ್ಕೆಂದು ದೂರದ ಕಂಚಿಯ ಘಟಿಕಾಸ್ಥಾನಕ್ಕೆ ಹೋದವನು. ಆಮೇಲೆ ಏನಾಯಿತು ಎಂಬುದು ಶಾಲೆಯ ಪಠ್ಯದಲ್ಲಿದೆ. ಓದಲು ಊರು ಬಿಟ್ಟು ಹೋಗಬೇಕಾದ ಪರಿಸ್ಥಿತಿ ಈ ಸೀಮೆಗೆ ಅಷ್ಟು ಹಳೆಯದು. ಅದೇ ತಾಲ್ಲೂಕಿನ ಬಳ್ಳಿಗಾವೆ ಮುಂದೆ ವಿದ್ಯಾಕೇಂದ್ರವಾಗಿ ಬೆಳೆಯಿತು. ಅಲ್ಲಿನ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ನಾಲ್ಕು ವೇದಗಳು, ಹಲವು ವ್ಯಾಕರಣಗಳು, ಷಡ್ದರ್ಶನಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ದೀನರಿಗೆ, ಅಂಗವಿಕಲರಿಗೆ ಅಲ್ಲಿ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಚಿಕಿತ್ಸೆಯೂ ಇತ್ತು. ಅಂದಿನ ವಿದ್ಯೆ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಓದು ಮತ್ತು ಊಟ ಒಂದೇ ಸೂರಿನಡಿ ಇರಬೇಕು, ಅದರ ಖರ್ಚನ್ನು ಸಮಾಜ ಭರಿಸಬೇಕು ಎಂಬ ತಿಳಿವಳಿಕೆ ಈ ನೆಲಕ್ಕೆ ಎಂಟೂವರೆ ಶತಮಾನಗಳಿಗೂ ಹಿಂದೆಯೇ ಇತ್ತು.

ಇಂದು ಆ ಸೂರು ಯಾವುದು? ನನ್ನ ಪ್ರಕಾರ ಸಾರ್ವಜನಿಕ ಗ್ರಂಥಾಲಯ. ರಾಜ್ಯದಲ್ಲಿ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಆ ಹಣವನ್ನು ಇಲಾಖೆಗೆ ಪೂರ್ತಿ ಕೊಡದೆ ಬಾಕಿ ಉಳಿಸಿಕೊಳ್ಳುವುದು ಹಳೆಯ ದೂರು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದವು. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಗಿ ಹಳ್ಳಿಯ ಮಕ್ಕಳು ಅಲ್ಲಿಗೆ ಬರತೊಡಗಿದರು. ಈಗ ಅವುಗಳಿಗೆ 'ಅರಿವು ಕೇಂದ್ರ' ಎಂಬ ಚೆಂದದ ಹೆಸರಿದೆ. ಈ ಬದಲಾವಣೆಯನ್ನು ಮೆಚ್ಚಲೇಬೇಕು. ಹಳ್ಳಿಯ ಗ್ರಂಥಾಲಯಕ್ಕೆ ಸಿಕ್ಕ ಈ ಗಮನ ತಾಲ್ಲೂಕು ಕೇಂದ್ರದ ಗ್ರಂಥಾಲಯಕ್ಕೂ ಸಿಗಬೇಕು ಎಂಬುದಷ್ಟೇ ನನ್ನ ವಾದ.

ಏಕೆಂದರೆ ಹಗಲು ಹೊತ್ತಿನಲ್ಲಿ ಇಡೀ ತಾಲ್ಲೂಕಿನ ಯುವಜನ ಸೇರುವುದು ಇಲ್ಲಿಯೇ. ಶಿಕಾರಿಪುರ, ಸೊರಬ ಎರಡರಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಸುತ್ತಲಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳ ದಿನಚರಿಯನ್ನು ನಿರ್ಧರಿಸುವುದು ತರಗತಿಯ ವೇಳಾಪಟ್ಟಿಗಿಂತ ಹೆಚ್ಚಾಗಿ ಬಸ್ಸಿನ ವೇಳಾಪಟ್ಟಿ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ಆದರೆ ಮಲೆನಾಡಿನ ಎಷ್ಟೋ ಮಾರ್ಗಗಳಲ್ಲಿ ಇಂದಿಗೂ ಖಾಸಗಿ ಬಸ್ಸೇ ಗತಿ. ಸರ್ಕಾರಿ ಬಸ್ಸಿರುವ ಕಡೆಯೂ ಅದು ತನ್ನ ಹೊತ್ತಿಗೇ ಬರುತ್ತದೆ. ಮಧ್ಯಾಹ್ನ ತರಗತಿ ಮುಗಿದು ಸಂಜೆ ಬಸ್ಸು ಬರುವವರೆಗಿನ ಎರಡು ಮೂರು ಗಂಟೆಗಳನ್ನು ಈ ಹುಡುಗಿಯರು ಎಲ್ಲಿ ಕಳೆಯಬೇಕು? ಹೋಟೆಲಿನಲ್ಲಿ ಒಬ್ಬಳೇ ಒಂದು ಗಂಟೆ ಕುಳಿತ ಹುಡುಗಿಯ ಸುದ್ದಿ ಅವಳಿಗಿಂತ ಮೊದಲೇ ಊರು ಸೇರುತ್ತದೆ. ಹಾಗಾಗಿ ಬಸ್ ನಿಲ್ದಾಣದ ಕಲ್ಲುಬೆಂಚೇ ಅವಳ ವಾಚನಾಲಯ. ದಿನಕ್ಕೆ ಎರಡು ಗಂಟೆಯಂತೆ ಮೂರು ವರ್ಷದ ಪದವಿಯಲ್ಲಿ ಹೀಗೆ ಸೋರಿಹೋಗುವ ಹೊತ್ತು ಎಷ್ಟೆಂದು ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ನಗರದ ಅಭ್ಯರ್ಥಿಯ ಎದುರು ಈಕೆ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಅದಕ್ಕೆ ಬುದ್ಧಿಯ ಕೊರತೆ ಕಾರಣವಾಗಿರಬೇಕಿಲ್ಲ.

ಇನ್ನೊಂದು ವರ್ಗವೂ ಇದೆ. 2020ರ ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳಿದ ಯುವಕರು ಮನೆಯಿಂದಲೇ ಕಂಪನಿ ಕೆಲಸ ಮಾಡಬಹುದೆಂದು ಕಂಡುಕೊಂಡರು. ಮಲೆನಾಡಿನಲ್ಲಿ ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕುಳಿತವರ ಚಿತ್ರಗಳು ಆಗ ಪತ್ರಿಕೆಗಳಲ್ಲಿ ಬಂದವು. ಹಿರಿಯರನ್ನು ನೋಡಿಕೊಳ್ಳುತ್ತ, ತೋಟದ ಮೇಲೂ ಕಣ್ಣಿಟ್ಟು ಇಲ್ಲಿಯೇ ಉಳಿಯಬೇಕೆನ್ನುವವರಿಗೆ ಕರೆಂಟು ಹೋದಾಗ, ನೆಟ್‌ವರ್ಕ್ ಕೈಕೊಟ್ಟಾಗ ಓಡಿಬರಲು ತಾಲ್ಲೂಕು ಕೇಂದ್ರದಲ್ಲಿ ಒಂದು ಮೇಜಿದ್ದರೆ ಸಾಕು. ಅದಿಲ್ಲದ ಕಾರಣಕ್ಕೆ ಬೆಂಗಳೂರಿನ ಬಸ್ಸು ಹತ್ತುವವರನ್ನು ನೋಡಿ 'ಹಳ್ಳಿ ಖಾಲಿಯಾಗುತ್ತಿದೆ' ಎಂದು ಮರುಗುವುದರಲ್ಲಿ ಅರ್ಥವಿಲ್ಲ.

ಮಾಡಬೇಕಾದದ್ದು ಕಷ್ಟದ್ದೇನೂ ಅಲ್ಲ. ತಾಲ್ಲೂಕು ಕೇಂದ್ರದ ಗ್ರಂಥಾಲಯ ಕಚೇರಿಯ ಸಮಯವನ್ನು ಬಿಟ್ಟು ಓದುವವರ ಸಮಯವನ್ನು ಪಾಲಿಸಬೇಕು; ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ, ಭಾನುವಾರವೂ ಸೇರಿ, ಬಾಗಿಲು ತೆರೆದಿರಬೇಕು. ಇದಕ್ಕೆ ಎರಡು ಪಾಳಿಯ ಸಿಬ್ಬಂದಿ ಬೇಕು, ಅವರಿಗೆ ಮರ್ಯಾದೆಯ ಸಂಬಳ ಬೇಕು. ಮೇಜಿನ ಪಕ್ಕದಲ್ಲಿ ಪ್ಲಗ್ ಪಾಯಿಂಟ್, ಕರೆಂಟು ಹೋದರೆ ಯುಪಿಎಸ್, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ ಇರಬೇಕು. ಕೊನೆಯದು ಇಲ್ಲದಿದ್ದರೆ ಉಳಿದುದೆಲ್ಲ ಇದ್ದೂ ಇಲ್ಲದಂತೆ. ಜಗಲಿಯ ಒಂದು ಮೂಲೆಯನ್ನು ಸ್ತ್ರೀಶಕ್ತಿ ಗುಂಪೊಂದಕ್ಕೆ ಬಾಡಿಗೆಯಿಲ್ಲದೆ ಕೊಟ್ಟು, ಕಾಫಿ, ಚಹಾ, ಮಂಡಕ್ಕಿಯನ್ನು ನಿಗದಿತ ಬೆಲೆಗೆ ಮಾರಲು ಹೇಳಬಹುದು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯ ನಮ್ಮದು. ಪಕ್ಕದ ಜಿಲ್ಲೆಯ ಪುಡಿ ಇಲ್ಲಿಯ ಓದುಗನ ಲೋಟಕ್ಕೆ ಬರಲು ಯಾರ ಅಪ್ಪಣೆ ಬೇಕು? ಪುಸ್ತಕಕ್ಕೆ ಕಾಫಿ ಚೆಲ್ಲೀತು ಎಂಬ ಅಧಿಕಾರಿಗಳ ಆತಂಕವಿದ್ದರೆ ಲೋಟ ಜಗಲಿಯಲ್ಲೇ ಉಳಿಯಲಿ.

ಹೋಟೆಲಿನವರೂ ಕೈಜೋಡಿಸಬಹುದು. ಬೆಳಗಿನ ತಿಂಡಿಯ ಗದ್ದಲ ಮುಗಿದು ಮಧ್ಯಾಹ್ನದ ಊಟ ಶುರುವಾಗುವವರೆಗೆ, ಊಟ ಮುಗಿದು ಸಂಜೆಯ ಬಜ್ಜಿಯ ಹೊತ್ತಿನವರೆಗೆ ಮೇಜುಗಳು ಹೇಗೂ ಖಾಲಿ ಇರುತ್ತವೆ. ಆ ಹೊತ್ತಿನಲ್ಲಿ 'ಇಲ್ಲಿ ಕುಳಿತು ಓದಬಹುದು' ಎಂದು ಒಂದು ಮೇಜಿನ ಮೇಲೆ ಬರೆದು ಹಾಕಿದರೆ ಗಲ್ಲಾಪೆಟ್ಟಿಗೆಗೆ ನಷ್ಟವಿಲ್ಲ. ಎರಡನೇ ಕಾಫಿಯ ಲಾಭವೂ ಉಂಟು.

ಈ ಎರಡು ತಾಲ್ಲೂಕುಗಳು ನಾಡಿಗೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ: ಸೊರಬ ಎಸ್. ಬಂಗಾರಪ್ಪನವರನ್ನು, ಶಿಕಾರಿಪುರ ಬಿ.ಎಸ್. ಯಡಿಯೂರಪ್ಪನವರನ್ನು. ಅಭಿವೃದ್ಧಿಯ ಮಾತು ಇಲ್ಲಿನ ಜನರಿಗೆ ಹೊಸದಲ್ಲ. 2023ರ ಫೆಬ್ರುವರಿಯಲ್ಲಿ ಒಂದೇ ದಿನ ಶಿವಮೊಗ್ಗ ವಿಮಾನ ನಿಲ್ದಾಣದ ಉದ್ಘಾಟನೆ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗದ ಶಂಕುಸ್ಥಾಪನೆ ನಡೆದವು. ರಸ್ತೆ, ರೈಲು, ವಿಮಾನ ಎಲ್ಲವೂ ಬೇಕು. ಆದರೆ ಇವೆಲ್ಲ ಊರಿನಿಂದ ಹೊರಗೆ ಹೋಗುವ ದಾರಿಗಳು. ಊರಿನಲ್ಲೇ ಇದ್ದು ಬೆಳೆಯಬಯಸುವವರಿಗೆ ಬೇಕಾದದ್ದು ಒಂದು ಮೇಜು, ಒಂದು ದೀಪ, ಒಂದು ಲೋಟ ಕಾಫಿ. ಮುಂದಿನ ಬಜೆಟ್ಟಿನಲ್ಲಿ ಪುರಸಭೆಗಳು ಗ್ರಂಥಾಲಯ ಕರದ ಬಾಕಿಯನ್ನು ಚುಕ್ತಾ ಮಾಡಿ, ಈ ಸಣ್ಣ ಕೆಲಸವನ್ನು ಕೈಗೆತ್ತಿಕೊಳ್ಳಲಿ. ಅದಕ್ಕೆ ಶಂಕುಸ್ಥಾಪನೆಯ ಕಲ್ಲೂ ಬೇಡ, ಸಮಾರಂಭದ ಪೆಂಡಾಲೂ ಬೇಡ. ಸಂಜೆ ಐದಕ್ಕೆ ಹಾಕುವ ಬೀಗವನ್ನು ರಾತ್ರಿ ಒಂಬತ್ತರವರೆಗೆ ಹಾಕದಿದ್ದರೆ ಅರ್ಧ ಕೆಲಸ ಆದಂತೆ.