ಗೃಹಸ್ಥರಿಗೆ ಕಿವಿಮಾತು: ಕಾವಲು ಕ್ಯಾಮರಾ ಕೊಳ್ಳುವ ಮುನ್ನ

ಬಂಗಾಲಿ ಟೋಲಾದ ಇಕ್ಕಟ್ಟಾದ ಓಣಿಗಳಲ್ಲಿ ಹಗಲಿನಲ್ಲೂ ದೀಪ ಬೇಕಾಗುವ ಹೊಸ್ತಿಲುಗಳು ಹಲವು. ಮಕ್ಕಳು ದೂರದೇಶದಲ್ಲಿದ್ದು, ವೃದ್ಧ ತಂದೆತಾಯಿಗಳಷ್ಟೇ ಕಾಶಿಯಲ್ಲಿರುವ ಮನೆಗೆ ಬಾಗಿಲ ಮೇಲೊಂದು ನೆಟ್‌ವರ್ಕ್ ಕ್ಯಾಮರಾ ಇದ್ದರೆ ಒಳ್ಳೆಯದೇ. ಆದರೆ ಮಗ ಅಮೆರಿಕದಿಂದ ತಂದ ಕ್ಯಾಮರಾದಲ್ಲಿ, ಬಂದವರ ಮುಖದ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಯಂತ್ರವೇ ಕೆಟ್ಟಿತೆಂದು ಗಾಬರಿಯಾಗದಿರಿ.

ಕಾರಣ ಸರಳವಾದುದು. ಅಲ್ಲಿಯ ವಿದ್ಯುತ್ತಿಗೆ ಸೆಕೆಂಡಿಗೆ 60 ಆವರ್ತ, ನಮ್ಮದಕ್ಕೆ 50. ನಮ್ಮಲ್ಲಿ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಅದು ಕಣ್ಣಿಗೆ ತಿಳಿಯದು, ಕ್ಯಾಮರಾಕ್ಕೆ ತಿಳಿಯುತ್ತದೆ. ಸೆಟ್ಟಿಂಗಿನಲ್ಲಿ ‘ಎನ್‌ಟಿಎಸ್‌ಸಿ’ ಅಥವಾ ‘60’ ಎಂದಿದ್ದರೆ ‘ಪಾಲ್’ ಅಥವಾ ‘50’ ಎಂದು ಬದಲಿಸಿರಿ. ಇವು ಹಳೆಯ ಟೆಲಿವಿಷನ್ ಪದ್ಧತಿಗಳ ಹೆಸರುಗಳು: ಮೊದಲನೆಯದರಲ್ಲಿ ಸೆಕೆಂಡಿಗೆ ಸುಮಾರು 30 ಚಿತ್ರ, ಎರಡನೆಯದರಲ್ಲಿ 25. ಐದು ಚಿತ್ರ ಕಡಮೆಯಾದರೆ ನಷ್ಟವೇನೂ ಇಲ್ಲ.

ಕೊಳ್ಳುವಾಗಲೇ ಈ ಆಯ್ಕೆ ಉಂಟೇ ಎಂದು ಅಂಗಡಿಯವರನ್ನು ಕೇಳಿರಿ. ಗೋಡೆಗೆ ಹಾಕಿದ ಮೇಲೆ, ಸಂಜೆ ದೀಪ ಹಚ್ಚಿ ಒಮ್ಮೆ ಪರೀಕ್ಷಿಸಿರಿ. ಅಪರಿಚಿತನೊಬ್ಬ ಬಾಗಿಲು ತಟ್ಟಿದ ದಿನ ಒಳಗಿರುವ ಹಿರಿಯರಿಗೆ ಅವನ ಮುಖ ಕಾಣಬೇಕು, ಪಟ್ಟೆಯಲ್ಲ.